ಕಾಣದ ವಿಷಕ್ಕೆ ಕಾಣದ ಕಾವಲು: ಶೇಂಗಾ ಬೂಷ್ಟು ಮತ್ತು ಉಪಕಾರಿ ಬ್ಯಾಕ್ಟೀರಿಯಾ

ಕೈಗಾ ಎಂದೊಡನೆ ಎಲ್ಲರಿಗೂ ನೆನಪಾಗುವುದು ಅಣುವಿದ್ಯುತ್ ಸ್ಥಾವರ. ಕಾಳಿ ನದಿಯ ಕಣಿವೆಯಲ್ಲಿ 2000ನೇ ಇಸವಿಯಿಂದ ವಿದ್ಯುತ್ ಉತ್ಪಾದಿಸುತ್ತಿರುವ ಈ ಸ್ಥಾವರದ ಆಸುಪಾಸಿನಲ್ಲಿ, ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ, ಕ್ಯಾನ್ಸರಿನ ಮಾತು ಬಂದರೆ ಜನ ಮೊದಲು ವಿಕಿರಣದ ಬಗ್ಗೆ ಕೇಳುತ್ತಾರೆ. ಕೇಳುವುದು ಸಹಜ. ಆದರೆ ಕಣ್ಣಿಗೆ ಕಾಣದ, ನಾಲಿಗೆಗೆ ತಿಳಿಯದ ಇನ್ನೊಂದು ಅಪಾಯ ನಮ್ಮ ಅಡುಗೆಮನೆಯ ಡಬ್ಬಗಳಲ್ಲೇ ಕುಳಿತಿರಬಹುದು. ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದು ವಿಜ್ಞಾನಿಗಳ ನಡುವೆ ಚರ್ಚೆಯ ವಿಷಯವಾಗಿ ಉಳಿದಿಲ್ಲ. ಆದರೂ ಅದರ ಬಗ್ಗೆ ಕೇಳುವವರು ಕಡಿಮೆ. ಅದರ ಹೆಸರು ಅಫ್ಲಾಟಾಕ್ಸಿನ್.

ಶೇಂಗಾ, ಕೊಬ್ಬರಿ, ಮೆಕ್ಕೆಜೋಳ, ಒಣಮೆಣಸಿನಕಾಯಿ ಮುಂತಾದವುಗಳ ಮೇಲೆ ಬೆಳೆಯುವ ಒಂದು ಬಗೆಯ ಬೂಷ್ಟು ಈ ವಿಷವನ್ನು ತಯಾರಿಸುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ, ಸೆಕೆ ಮತ್ತು ತೇವ ಒಟ್ಟಿಗೇ ಇರುವ ನಮ್ಮ ಕರಾವಳಿ ಬೂಷ್ಟಿಗೆ ಹೇಳಿ ಮಾಡಿಸಿದ ಜಾಗ. ಈ ವಿಷವನ್ನು ಹೊಲದಲ್ಲೇ ತಡೆಯಲು ಇನ್ನೊಂದು ಸೂಕ್ಷ್ಮಜೀವಿಯ ನೆರವು ಪಡೆಯಬಹುದು ಎಂಬುದು ಕೆಲವು ದಶಕಗಳಿಂದ ನಡೆದಿರುವ ಸಂಶೋಧನೆಯ ಸಾರ. ಆ ಸೂಕ್ಷ್ಮಜೀವಿಗಳು ಏನು ಮಾಡುತ್ತವೆ, ಏನು ಮಾಡಲಾರವು, ಅವು ಮಾಡಲಾಗದ ಕೆಲಸವನ್ನು ನಾವು ಮನೆಯಲ್ಲಿ ಹೇಗೆ ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಟರ್ಕಿ ಕೋಳಿಗಳಿಂದ ತಿಳಿದ ಸತ್ಯ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳುಗಳಲ್ಲಿ ಸತ್ತವು. ರೋಗ ಯಾವುದೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ರೆಜಿಲಿನಿಂದ ತರಿಸಿದ್ದ ಶೇಂಗಾ ಹಿಂಡಿ. ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಬೆಳೆದು ವಿಷ ಬಿಟ್ಟಿತ್ತು. ಆ ಶಿಲೀಂಧ್ರದ ಹೆಸರಿನ ಮೊದಲಕ್ಷರಗಳನ್ನು ಸೇರಿಸಿಯೇ 'ಅ-ಫ್ಲಾ-ಟಾಕ್ಸಿನ್' ಎಂದು ವಿಷಕ್ಕೆ ಹೆಸರಿಟ್ಟರು.

ಮನುಷ್ಯರಿಗೂ ಇದು ಬಂದದ್ದುಂಟು. 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳ ಹಳ್ಳಿಗಳಲ್ಲಿ ಅಕಾಲಿಕ ಮಳೆಗೆ ನೆನೆದ ಮೆಕ್ಕೆಜೋಳವನ್ನು ಬಡ ಕುಟುಂಬಗಳು ತಿಂದವು. ಬೇರೆ ಧಾನ್ಯ ಅವರ ಬಳಿ ಇರಲಿಲ್ಲ. ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. 397 ಜನ ಕಾಯಿಲೆ ಬಿದ್ದರು, 106 ಜನ ತೀರಿಕೊಂಡರು. ಅದೇ ಊಟದ ಪಾಲು ತಿಂದ ಮನೆಯ ನಾಯಿಗಳಿಗೂ ಅದೇ ಕಾಯಿಲೆ ಬಂದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವೈದ್ಯರು ತನಿಖೆ ನಡೆಸಿ ಕಾರಣ ಅಫ್ಲಾಟಾಕ್ಸಿನ್ ಎಂದು ತೋರಿಸಿಕೊಟ್ಟರು.

ನಮ್ಮ ರಾಜ್ಯದ ಪ್ರಕರಣ ಅದಕ್ಕಿಂತ ಹಿಂದಿನದು, ಮನಸ್ಸಿಗೆ ಹೆಚ್ಚು ನೋವು ತರುವಂಥದು. ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಮಕ್ಕಳಿಗೆ ಬಲ ಬರಲೆಂದು ಶೇಂಗಾ ಹಿಟ್ಟು ಕೊಡಲಾಗಿತ್ತು. ಆ ಹಿಟ್ಟಿನಲ್ಲೇ ಅಫ್ಲಾಟಾಕ್ಸಿನ್ ಇತ್ತು. ಅದನ್ನು ತಿಂದ ಮಕ್ಕಳ ಯಕೃತ್ತು ಕೆಟ್ಟು ಸಿರೋಸಿಸ್ ಆದದ್ದನ್ನು ಮೈಸೂರಿನ ವೈದ್ಯರೂ ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳೂ ಸೇರಿ 1971ರಲ್ಲಿ ವರದಿ ಮಾಡಿದರು. ಕೊಟ್ಟವರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೂ ಮಕ್ಕಳಿಗೆ ಆದ ಹಾನಿ ಆಗಿಯೇ ಹೋಯಿತು.

ಬೇಯಿಸಿದರೆ ಹೋಗುವುದಿಲ್ಲವೇ?

ಹೋಗುವುದಿಲ್ಲ. ಎಲ್ಲ ತಾಯಂದಿರೂ ಮೊದಲು ತಿಳಿದುಕೊಳ್ಳಬೇಕಾದ ಸಂಗತಿ ಇದು. ಬೇಯಿಸಿದರೆ ಬೂಷ್ಟು ಸಾಯುತ್ತದೆ, ಅದು ಬಿಟ್ಟ ವಿಷ ಉಳಿಯುತ್ತದೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ, ಪ್ರೆಶರ್ ಕುಕ್ಕರಿನ ಒಳಗೆ ಸುಮಾರು 120 ಡಿಗ್ರಿ. ಅಫ್ಲಾಟಾಕ್ಸಿನ್ ಪೂರ್ತಿ ನಾಶವಾಗಲು 200 ಡಿಗ್ರಿಗೂ ಮೀರಿದ ಕಾವು ಬೇಕು. ಹುರಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ತೊಳೆದರೆ ಮೇಲಿನ ಪುಡಿ ಹೋಗುತ್ತದೆ, ಕಾಳಿನೊಳಗೆ ಇಳಿದದ್ದು ಹೋಗುವುದಿಲ್ಲ.

ಎಷ್ಟು ಪ್ರಮಾಣ ಅಪಾಯ? ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಧಾನ್ಯ, ಬೇಳೆ, ಶೇಂಗಾದಂಥ ಪದಾರ್ಥಗಳಿಗೆ ಹಾಕಿರುವ ಮಿತಿ ಒಂದು ಕಿಲೋಗೆ 15 ಮೈಕ್ರೋಗ್ರಾಂ. ಲೆಕ್ಕ ಹಾಕಿ ನೋಡಿ: ತಲಾ ಹತ್ತು ಟನ್ ಹೊತ್ತ ನೂರು ಲಾರಿ ಶೇಂಗಾದಲ್ಲಿ ಒಟ್ಟು 15 ಗ್ರಾಂ ವಿಷ ಇದ್ದರೆ ಆ ಮಿತಿ ಮುಟ್ಟಿತು. ಹಾಗಾಗಿಯೇ ಇದು ನೋಡಿ, ಮೂಸಿ, ರುಚಿ ನೋಡಿ ಪತ್ತೆ ಹಚ್ಚುವಂಥ ವಿಷವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಫ್ಲಾಟಾಕ್ಸಿನ್ನನ್ನು ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದ ಪದಾರ್ಥಗಳ ಗುಂಪಿನಲ್ಲಿ ಇಟ್ಟಿದೆ. ಹೆಪಟೈಟಿಸ್ ಬಿ ವೈರಸ್ ದೇಹದಲ್ಲಿ ಇರುವವರಿಗೆ ಇದರ ಅಪಾಯ ಇತರರಿಗಿಂತ ಸುಮಾರು 30 ಪಟ್ಟು ಹೆಚ್ಚು. ಆದ್ದರಿಂದ ಹುಟ್ಟಿದ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುವ ಹೆಪಟೈಟಿಸ್ ಬಿ ಲಸಿಕೆಯನ್ನು ಯಾವ ಕಾರಣಕ್ಕೂ ತಪ್ಪಿಸಬಾರದು.

ಬೂಷ್ಟು ಅಡುಗೆಮನೆಯಲ್ಲಿ ಹುಟ್ಟುವುದಲ್ಲ

ಮಳೆಗಾಲದಲ್ಲಿ ಡಬ್ಬದೊಳಗೆ ಬೂಷ್ಟು ಕಂಡಾಗ ಅದು ಅಲ್ಲೇ ಹುಟ್ಟಿತು ಎಂದುಕೊಳ್ಳುತ್ತೇವೆ. ನಿಜವಾಗಿ ಆಸ್ಪರ್ಜಿಲಸ್ ಮಣ್ಣಿನ ವಾಸಿ. ಶೇಂಗಾ ಗಿಡ ಹೂ ಬಿಟ್ಟ ಮೇಲೆ ಅದರ ಊಡುಗಳು ಮಣ್ಣಿಗೆ ಇಳಿದು ಅಲ್ಲೇ ಕಾಯಿ ಕಟ್ಟುತ್ತವೆ. ಅಂದರೆ ಕಾಯಿ ಬೆಳೆಯುವ ಜಾಗ ಮತ್ತು ಬೂಷ್ಟಿನ ಮನೆ ಎರಡೂ ಒಂದೇ. ಕಾಯಿ ಬಲಿಯುವ ಕೊನೆಯ ತಿಂಗಳಲ್ಲಿ ನೀರು ಸಾಲದೆ ಮಣ್ಣು ಕಾದರೆ ಗಿಡದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಸಿಪ್ಪೆಯಲ್ಲಿ ಸಣ್ಣ ಬಿರುಕು ಬೀಳುತ್ತದೆ. ಗೆದ್ದಲು ಅಥವಾ ಹುಳು ಕೊರೆದರೂ ಬಾಗಿಲು ತೆರೆದಂತೆಯೇ. ಬೂಷ್ಟು ಅಲ್ಲಿಂದ ಒಳಗೆ ಹೋಗುತ್ತದೆ.

ಕಾರವಾರ–ಅಂಕೋಲಾ ಕಡೆ ಭತ್ತದ ಕೊಯ್ಲಿನ ನಂತರ ಮರಳು ಮಿಶ್ರಿತ ಗದ್ದೆಗಳಲ್ಲಿ ಶೇಂಗಾ ಹಾಕುವವರಿದ್ದಾರೆ. ಇಂಥ ಬೇಸಿಗೆ ಬೆಳೆಗೆ ಎರಡು ಕಡೆಯಿಂದಲೂ ಹೊಡೆತ. ಕಾಯಿ ಬಲಿಯುವಾಗ ಬಾವಿಯ ನೀರು ತಳ ಕಾಣುತ್ತದೆ. ಕಿತ್ತು ಒಣಗಿಸುವ ಹೊತ್ತಿಗೆ ಮುಂಗಾರುಪೂರ್ವ ಮಳೆ ಬಂದು ಅಂಗಳದಲ್ಲಿ ಹರಡಿದ ಕಾಯಿಯನ್ನು ನೆನೆಸುತ್ತದೆ.

ಉಪಕಾರಿ ಬ್ಯಾಕ್ಟೀರಿಯಾ ಮಾಡುವ ಕೆಲಸ

ಬ್ಯಾಕ್ಟೀರಿಯಾ ಎಂದರೆ ರೋಗ ತರುವ ಕ್ರಿಮಿ ಎಂದೇ ನಮಗೆ ರೂಢಿ. ಆದರೆ ಹಾಲು ಮೊಸರಾಗುವುದು, ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಹುಳಿ ಬಂದು ಉಬ್ಬುವುದು ಬ್ಯಾಕ್ಟೀರಿಯಾದಿಂದಲೇ. ಶೇಂಗಾ ಗಿಡದ ಬೇರಿನ ಗಂಟುಗಳಲ್ಲಿ ಕುಳಿತು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಕೂಡ ಬ್ಯಾಕ್ಟೀರಿಯಾವೇ.

ಬೂಷ್ಟನ್ನು ತಡೆಯಲು ಮುಖ್ಯವಾಗಿ ಎರಡು ಬಗೆಯವನ್ನು ಬಳಸುತ್ತಾರೆ: ಸೂಡೋಮೊನಾಸ್ ಫ್ಲೂರೆಸೆನ್ಸ್ ಮತ್ತು ಬ್ಯಾಸಿಲಸ್ ಸಬ್‌ಟಿಲಿಸ್. ಎರಡೂ ಮಣ್ಣಿನಲ್ಲಿ ಸಹಜವಾಗಿ ಇರುವಂಥವೇ. ಪ್ರಯೋಗಾಲಯದಲ್ಲಿ ಇವುಗಳ ಉತ್ತಮ ತಳಿಗಳನ್ನು ಆರಿಸಿ, ಬೆಳೆಸಿ, ಟಾಲ್ಕ್ ಪುಡಿಯಲ್ಲಿ ಬೆರೆಸಿ ಅಥವಾ ದ್ರವರೂಪದಲ್ಲಿ ರೈತರಿಗೆ ಕೊಡುತ್ತಾರೆ. ಬೀಜದ ಜೊತೆ ಮಣ್ಣು ಸೇರಿದ ಮೇಲೆ ಇವು ನಾಲ್ಕು ರೀತಿಯಲ್ಲಿ ಕೆಲಸ ಮಾಡುತ್ತವೆ.

ಮೊದಲನೆಯದು ಜಾಗ ಹಿಡಿಯುವುದು. ಬೇರಿನ ಸುತ್ತ ಗಿಡ ಸ್ರವಿಸುವ ಸಕ್ಕರೆ ಅಂಶಕ್ಕೆ ಎಲ್ಲ ಸೂಕ್ಷ್ಮಜೀವಿಗಳೂ ಮುಗಿಬೀಳುತ್ತವೆ. ಉಪಕಾರಿ ಬ್ಯಾಕ್ಟೀರಿಯಾ ಮೊದಲೇ ಬಂದು ಕೂತರೆ ಬೂಷ್ಟಿಗೆ ಕೂರಲು ಜಾಗವೂ ಇಲ್ಲ, ತಿನ್ನಲು ಆಹಾರವೂ ಇಲ್ಲ. ಸೂಡೋಮೊನಾಸ್ ಮಣ್ಣಿನಲ್ಲಿರುವ ಕಬ್ಬಿಣದ ಅಂಶವನ್ನೂ ತನ್ನ ಕಡೆ ಎಳೆದುಕೊಂಡು ಬೂಷ್ಟಿಗೆ ಸಿಗದಂತೆ ಮಾಡುತ್ತದೆ.

ಎರಡನೆಯದು ನೇರ ಹೋರಾಟ. ಬ್ಯಾಸಿಲಸ್ ಇಟುರಿನ್, ಫೆಂಜೈಸಿನ್ ಎಂಬ ಪದಾರ್ಥಗಳನ್ನು ಬಿಡುತ್ತದೆ. ಇವು ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿ ತೂತು ಮಾಡುತ್ತವೆ. ಶಿಲೀಂಧ್ರದ ಗೋಡೆಯಲ್ಲಿರುವ ಕೈಟಿನ್ ಅನ್ನು ಕರಗಿಸುವ ಕಿಣ್ವಗಳನ್ನೂ ಕೆಲವು ತಳಿಗಳು ತಯಾರಿಸುತ್ತವೆ.

ಮೂರನೆಯದು ಗಿಡವನ್ನು ಎಚ್ಚರಿಸುವುದು. ಬೇರಿನ ಬಳಿ ಈ ಬ್ಯಾಕ್ಟೀರಿಯಾ ಇದ್ದರೆ ಗಿಡ ತನ್ನದೇ ರಕ್ಷಣಾ ಪದಾರ್ಥಗಳನ್ನು ಬೇಗ ತಯಾರಿಸಲು ತೊಡಗುತ್ತದೆ. ನಮ್ಮ ದೇಹದಲ್ಲಿ ಲಸಿಕೆ ಮಾಡುವ ಕೆಲಸಕ್ಕೆ ಇದನ್ನು ಹೋಲಿಸಬಹುದು.

ನಾಲ್ಕನೆಯದು ವಿಷ ತಯಾರಿಕೆಯನ್ನೇ ತಗ್ಗಿಸುವುದು. ಕೆಲವು ತಳಿಗಳ ಜೊತೆ ಬೆಳೆಸಿದಾಗ ಬೂಷ್ಟು ಬದುಕಿದ್ದರೂ ಅದು ತಯಾರಿಸುವ ಅಫ್ಲಾಟಾಕ್ಸಿನ್ ಕಡಿಮೆಯಾದದ್ದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಇನ್ನೊಂದು ದಾರಿಯೂ ಇದೆ. ಆಸ್ಪರ್ಜಿಲಸ್ ಫ್ಲೇವಸ್‌ನಲ್ಲೇ ವಿಷ ತಯಾರಿಸಲಾರದ ತಳಿಗಳಿವೆ. ಅವನ್ನು ಬೆಳೆಸಿ ಹೊಲಕ್ಕೆ ಎರಚಿದರೆ ಅವು ವಿಷ ಬಿಡುವ ತಳಿಗಳನ್ನು ಹಿಂದಕ್ಕೆ ತಳ್ಳುತ್ತವೆ. ನೈಜೀರಿಯಾದಲ್ಲಿ ಕೇಂದ್ರವಿರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆ ಇದೇ ತತ್ತ್ವದ ಮೇಲೆ 'ಅಫ್ಲಾಸೇಫ್' ಎಂಬುದನ್ನು ತಯಾರಿಸಿ ಆಫ್ರಿಕಾದ ಹಲವು ದೇಶಗಳ ಮೆಕ್ಕೆಜೋಳ ಮತ್ತು ಶೇಂಗಾ ರೈತರಿಗೆ ತಲುಪಿಸಿದೆ. ಅದು ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರ. ಆದರೆ ಕೆಟ್ಟದ್ದು ಬರುವ ಮೊದಲೇ ಒಳ್ಳೆಯದನ್ನು ತಂದು ಕೂರಿಸುವ ಉಪಾಯ ಒಂದೇ.

ಬಳಸುವುದು ಹೇಗೆ?

ಶೇಂಗಾ ಬೀಜಕ್ಕೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಒಂದು ಕಿಲೋ ಬೀಜಕ್ಕೆ ಟಾಲ್ಕ್ ರೂಪದ 10 ಗ್ರಾಂ ಸೂಡೋಮೊನಾಸ್. ಬೀಜಕ್ಕೆ ತೆಳುವಾದ ಬೆಲ್ಲದ ನೀರು ಚಿಮುಕಿಸಿ, ಪುಡಿ ಹಾಕಿ, ಸಿಪ್ಪೆ ಸುಲಿಯದಂತೆ ಮೆಲ್ಲಗೆ ಹೊರಳಾಡಿಸಿ, ನೆರಳಲ್ಲಿ ಒಣಗಿಸಿ ಅದೇ ದಿನ ಬಿತ್ತಬೇಕು. ಮಣ್ಣಿಗೆ ಹಾಕುವುದಾದರೆ ಎಕರೆಗೆ ಒಂದು ಕಿಲೋ ಪುಡಿಯನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹರಡಬಹುದು. ಪೊಟ್ಟಣದ ಮೇಲಿನ ಸೂಚನೆ ಬೇರೆ ಇದ್ದರೆ ಅದನ್ನೇ ಪಾಲಿಸಿ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿದರೆ ನಿಮ್ಮ ಮಣ್ಣಿಗೆ ತಕ್ಕ ಸಲಹೆ ಸಿಗುತ್ತದೆ.

ಇದು ಜೀವ ಇರುವ ಸರಕು ಎಂಬುದು ನೆನಪಿರಲಿ. ಅವಧಿ ಮುಗಿದ ಪೊಟ್ಟಣದಲ್ಲಿ ಉಳಿಯುವುದು ಬರೀ ಟಾಲ್ಕ್. ಬಿಸಿಲಿಗೆ ಇಟ್ಟರೆ, ತಾಮ್ರದ ಔಷಧದ ಜೊತೆ ಬೆರೆಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಅಂಗಡಿಯಿಂದ ತಂದ ಬೀಜಕ್ಕೆ ಮೊದಲೇ ರಾಸಾಯನಿಕ ಬಳಿದಿದ್ದರೆ ಕೃಷಿ ಅಧಿಕಾರಿಗಳನ್ನು ಕೇಳಿ ಮುಂದುವರಿಯಿರಿ. ಬೀಜೋಪಚಾರಕ್ಕೆ ಅಡುಗೆಮನೆಯ ಪಾತ್ರೆ ಬಳಸಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಕ್ಕಳನ್ನು ದೂರವಿಟ್ಟು ಕೆಲಸ ಮಾಡಿ, ನಂತರ ಸೋಪು ಹಾಕಿ ಕೈ ತೊಳೆಯಿರಿ. ಉಪಚರಿಸಿದ ಬೀಜ ಉಳಿದರೆ ಹುರಿದು ತಿನ್ನುವಂತಿಲ್ಲ.

ಬ್ಯಾಕ್ಟೀರಿಯಾ ಮಾಡಲಾರದ್ದು

ಪ್ರಯೋಗಾಲಯದ ತಟ್ಟೆಯಲ್ಲಿ ಕಂಡ ಫಲ ಹೊಲದಲ್ಲಿ ಪ್ರತಿ ಸಲವೂ ಅಷ್ಟೇ ಸಿಗುವುದಿಲ್ಲ. ಮಣ್ಣಿನಲ್ಲಿ ತೇವ ಮತ್ತು ಗೊಬ್ಬರದ ಅಂಶ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಆದ್ದರಿಂದ ಇದರ ಜೊತೆ ಮಾಡಬೇಕಾದ ಹಳೆಯ ಕೆಲಸಗಳನ್ನು ಬಿಡುವಂತಿಲ್ಲ. ಹೂ ಬಿಡುವ ಕಾಲಕ್ಕೆ ಎಕರೆಗೆ ಸುಮಾರು 200 ಕಿಲೋ ಜಿಪ್ಸಂ ಕೊಟ್ಟರೆ ಸುಣ್ಣದ ಅಂಶ ಸಿಕ್ಕಿ ಸಿಪ್ಪೆ ಗಟ್ಟಿಯಾಗುತ್ತದೆ. ಇರುವ ನೀರನ್ನು ಲೆಕ್ಕ ಹಾಕಿ ಕಾಯಿ ಬಲಿಯುವ ಕೊನೆಯ ವಾರಗಳಿಗೆ ಉಳಿಸಿಕೊಳ್ಳಬೇಕು. ಕಾಯಿಯ ಸಿಪ್ಪೆಯ ಒಳಭಾಗ ಕಂದು ಬಣ್ಣಕ್ಕೆ ತಿರುಗಿದೊಡನೆ ಕೀಳಬೇಕು, ನೆಲದಲ್ಲೇ ಬಿಡಬಾರದು.

ಕಿತ್ತ ನಂತರದ ಕೆಲಸದಲ್ಲಿ ಬ್ಯಾಕ್ಟೀರಿಯಾದ ಪಾತ್ರ ಇಲ್ಲವೇ ಇಲ್ಲ ಎನ್ನಬಹುದು. ಅಲ್ಲಿ ಕಾಯುವುದು ಒಣಗಿಸುವಿಕೆ ಮಾತ್ರ. ಗಿಡಗಳನ್ನು ಕಾಯಿ ಮೇಲಾಗಿ ತಿರುವಿ ಹರಡಿ. ಬರೀ ನೆಲದ ಮೇಲಲ್ಲ, ತಾಡಪತ್ರಿ ಅಥವಾ ಸಿಮೆಂಟು ಅಂಗಳದಲ್ಲಿ ಒಣಗಿಸಿ. ತೇವಾಂಶ ಶೇಕಡಾ 8ಕ್ಕೆ ಇಳಿಯಬೇಕು. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗಿನ ಬೀಜ ಗಲಗಲ ಎನ್ನಬೇಕು. ಸುಲಿಯಲು ಸುಲಭವಾಗಲೆಂದು ಒಣಗಿದ ಕಾಯಿಗೆ ನೀರು ಚಿಮುಕಿಸುವ ರೂಢಿ ಕೆಲವು ಕಡೆ ಇದೆ. ಇಷ್ಟು ದಿನ ಒಣಗಿಸಿದ ಶ್ರಮ ಆ ಒಂದು ಚೊಂಬು ನೀರಿನಲ್ಲಿ ಹೋಗುತ್ತದೆ. ತೇವ ಸಿಕ್ಕಿದ ಬೂಷ್ಟು ಮತ್ತೆ ಎದ್ದು ಕೂರುತ್ತದೆ.

ನಮ್ಮ ಮನೆಗಳಲ್ಲಿ

ಶೇಂಗಾ ಬೆಳೆಯದ ಮನೆಗಳಲ್ಲೂ ಶೇಂಗಾ ತಿನ್ನುತ್ತೇವೆ. ಚಿಕ್ಕಿ, ಚಟ್ನಿಪುಡಿ, ಕರಿದ ಕಾಳು, ಸಾರಿಗೆ ಹಾಕುವ ಒಣಕೊಬ್ಬರಿ, ರಮಝಾನಿನಲ್ಲಿ ಇಫ್ತಾರಿಗೆ ತರುವ ಒಣ ಅಂಜೂರ, ಬಾದಾಮಿ, ಪಿಸ್ತಾ ಎಲ್ಲವೂ ಬೂಷ್ಟಿಗೆ ಪ್ರಿಯವಾದವೇ. ಈ ಕೆಲವು ವಿಷಯಗಳನ್ನು ರೂಢಿ ಮಾಡಿಕೊಳ್ಳಿ.

ಮಳೆಗಾಲಕ್ಕೆಂದು ದೊಡ್ಡ ಮೂಟೆ ತಂದಿಡಬೇಡಿ, ತಿಂಗಳಿಗೆ ಬೇಕಾದಷ್ಟೇ ತನ್ನಿ. ಡಬ್ಬ ಗಾಳಿಯಾಡದಂತೆ ಮುಚ್ಚಿರಲಿ, ಒದ್ದೆ ಚಮಚ ಒಳಗೆ ಹೋಗದಿರಲಿ. ಗೋಣಿಚೀಲವನ್ನು ಗೋಡೆಗೆ ಒರಗಿಸದೆ ಮಣೆಯ ಮೇಲಿಡಿ.

ಬಳಸುವ ಮೊದಲು ಶೇಂಗಾವನ್ನು ಮೊರದಲ್ಲಿ ಹರಡಿ ಆರಿಸಿ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಹುಳು ಕೊರೆದ, ಹಳದಿ–ಹಸಿರು ಪುಡಿ ಹತ್ತಿದ ಕಾಳುಗಳನ್ನು ತೆಗೆದುಹಾಕಿ. ವಿಷದ ಹೆಚ್ಚಿನ ಭಾಗ ಇಂಥ ಕೆಲವೇ ಕಾಳುಗಳಲ್ಲಿ ಇರುತ್ತದೆ. ಹತ್ತು ನಿಮಿಷ ಕೂತು ಆರಿಸುವುದು ಯಾವ ಔಷಧಕ್ಕೂ ಕಡಿಮೆಯಲ್ಲ. ತಿನ್ನುವಾಗ ಕಹಿ ಕಾಳು ಬಾಯಿಗೆ ಸಿಕ್ಕರೆ ನುಂಗದೆ ಉಗಿಯಲು ಮಕ್ಕಳಿಗೆ ಕಲಿಸಿ. ಚಿಕ್ಕಿ, ಪುಡಿಗಳಲ್ಲಿ ಆರಿಸುವ ಅವಕಾಶವಿಲ್ಲ. ಆದ್ದರಿಂದ ಅವನ್ನು ಮನೆಯಲ್ಲೇ ಆರಿಸಿದ ಕಾಳಿನಿಂದ ಮಾಡುವುದು ಲೇಸು.

ಕೊಬ್ಬರಿಯ ಮೇಲಿನ ಬೂಷ್ಟನ್ನು ಕೆರೆದು ಉಳಿದದ್ದನ್ನು ಮಸಾಲೆಗೆ ಹಾಕುವ ಅಭ್ಯಾಸ ಬಿಡಬೇಕು. ಮೇಲೆ ಕಾಣುವುದು ಬೂಷ್ಟಿನ ಒಂದು ಭಾಗ ಮಾತ್ರ, ಅದರ ಎಳೆಗಳು ಒಳಗೆ ಇಳಿದಿರುತ್ತವೆ. ಮುಗ್ಗಿದ ಶೇಂಗಾವನ್ನು ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸುವುದೂ ಪರಿಹಾರವಲ್ಲ. ವಿಷದ ಬಹುಭಾಗ ಹಿಂಡಿಗೆ ಹೋದರೂ ಸ್ವಲ್ಪ ಎಣ್ಣೆಯಲ್ಲೇ ಉಳಿಯುತ್ತದೆ.

ಮೊಸರು ತಿಂದರೆ ವಿಷ ಇಳಿಯುವುದೇ?

ಒಳ್ಳೆಯ ಬ್ಯಾಕ್ಟೀರಿಯಾದ ಮಾತು ಬಂದಾಗ ಈ ಪ್ರಶ್ನೆ ಬಂದೇ ಬರುತ್ತದೆ. ಲ್ಯಾಕ್ಟಿಕ್ ಆಮ್ಲ ತಯಾರಿಸುವ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಮೈಗೆ ಅಫ್ಲಾಟಾಕ್ಸಿನ್ನನ್ನು ಅಂಟಿಸಿಕೊಳ್ಳುತ್ತವೆ ಎಂದು ಪ್ರಯೋಗಾಲಯದಲ್ಲಿ ತಿಳಿದುಬಂದಿದೆ. ಚೀನಾದ ಗ್ವಾಂಗ್‌ಝೌನಲ್ಲಿ 90 ಯುವಕರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಯ್ದ ತಳಿಗಳ ಮಾತ್ರೆ ಐದು ವಾರ ತೆಗೆದುಕೊಂಡವರ ಮೂತ್ರದಲ್ಲಿ ಈ ವಿಷದ ಗುರುತು ಕಡಿಮೆಯಾಗಿತ್ತು. ಆದರೆ ಅವು ಆಯ್ದ ತಳಿಗಳು, ಅಳತೆಯ ಪ್ರಮಾಣ. ಮನೆಯ ಮೊಸರು ಹೊಟ್ಟೆಗೆ ಹಿತ, ಧಾರಾಳವಾಗಿ ತಿನ್ನಿ. ಮೊಸರಿದೆಯಲ್ಲ ಎಂದು ಮುಗ್ಗಿದ ಶೇಂಗಾ ತಿನ್ನುವ ಧೈರ್ಯ ಮಾತ್ರ ಬೇಡ.

ಎಸೆಯಲು ಮನಸ್ಸಾಗದಿದ್ದರೆ

ಅನ್ನ ಚೆಲ್ಲಬಾರದು, ಪೋಲು ಮಾಡಬಾರದು ಎಂದು ಕೇಳುತ್ತಲೇ ಬೆಳೆದವರು ನಾವು. ಅದಕ್ಕೇ ಮುಗ್ಗಿದ ಕಾಳನ್ನು ಎಸೆಯಲು ಕೈ ಬರುವುದಿಲ್ಲ. ಕೋಳಿಗೋ ಆಡಿಗೋ ಹಸುವಿಗೋ ಹಾಕುತ್ತೇವೆ. ಕೋಳಿಮರಿಗಳಿಗೆ ಇದರಿಂದ ಯಕೃತ್ತು ಕೆಡುತ್ತದೆ. ಹಸು ತಿಂದರೆ ಒಂದು ದಿನದೊಳಗೆ ಆ ವಿಷ ರೂಪ ಬದಲಿಸಿ ಹಾಲಿಗೆ ಬರುತ್ತದೆ. ಹಾಲಿಗೆ ಕಾನೂನಿನ ಮಿತಿ ಇನ್ನೂ ಕಡಿಮೆ, ಕಿಲೋಗೆ ಅರ್ಧ ಮೈಕ್ರೋಗ್ರಾಂ. ಏಕೆಂದರೆ ಹಾಲು ಹೆಚ್ಚು ಕುಡಿಯುವವರು ಮಕ್ಕಳು. ನಾವು ತಿನ್ನದೆ ಹಸುವಿಗೆ ಹಾಕಿದ್ದು ಮಗುವಿನ ಲೋಟಕ್ಕೆ ಮರಳಿ ಬಂದಂತಾಯಿತು.

ಇನ್ನು, ನಮಗೆ ಬೇಡವಾದ ಹಳೆಯ ಧಾನ್ಯ, ಮುಗ್ಗಿದ ಕಾಳು ಬಡವರ ಮನೆ ಸೇರುವುದುಂಟು. ಸದಕಾ ಎಂದು ಕೊಡುವ ಚೀಲದಲ್ಲಿ ನಮ್ಮ ಮಕ್ಕಳಿಗೆ ತಿನ್ನಿಸಲು ಹಿಂಜರಿಯುವಂಥದ್ದು ಇರಬಾರದು. ಪಂಚಮಹಲಿನಲ್ಲಿ ಸತ್ತವರು ಬೇರೆ ಆಹಾರ ಇಲ್ಲದೆ ತಿಂದವರು, ಮೈಸೂರಿನ ಮಕ್ಕಳು ಕೊಟ್ಟದ್ದನ್ನು ನಂಬಿ ತಿಂದವರು. ಬೂಷ್ಟು ಹಿಡಿದ ಕಾಳನ್ನು ಪ್ರಾಣಿಗಳು ಕೆದಕದಷ್ಟು ಆಳವಾದ ಗುಂಡಿ ತೋಡಿ ಹೂತುಬಿಡಿ. ಅದು ದುಂದಲ್ಲ. ಇದ್ದುದರಲ್ಲಿ ಚೆನ್ನಾಗಿ ಒಣಗಿದ, ಆರಿಸಿದ ಕಾಳನ್ನೇ ನೆರೆಯವರಿಗೂ ಕೊಡಿ.